ಮುಖದ ಎಲುಬು ಮುರಿತ: ಕಾರಣದ ಕಾಲಂನ್ಯಾಗ ಬರೇ "ಆರ್‌ಟಿಎ" (ರಸ್ತೆ ಅಪಘಾತ) ಅಂದ್ರ ಸಾಕೇನ್ರಿ?

ಪಿಜಿ_ಕಲಬುರಗಿ
ಮೂರು ವರ್ಷದ ಕೇಸ್ ಶೀಟ್ ತಗದು ಮುಖದ ಎಲುಬು ಮುರಿತದ ಕಾರಣ, ಜಾಗದ ಪಟ್ಟಿ ಮಾಡಬೇಕಾಗೇದ. ಬಹಳ ಕಡೆ ಕಾರಣ "ಆರ್‌ಟಿಎ", ಜಾಗ "ದವಡಿ", ಅಷ್ಟೇ ಬರದಾರ. ಇದರಾಗ ಪ್ಯಾಟರ್ನ್ ಸಿಗ್ತದೇನ್ರಿ ಸರ್?

ದವಡಿ_ಬೀದರ್
ಸಿಗಂಗಿಲ್ಲ. ಪೆಟ್ಟು ಯಾವ ದಿಕ್ಕಿನಿಂದ ಬಿತ್ತು ಅನ್ನೋದು ಬೇಕು. ಬೈಕಿನಿಂದ ಮುಂದ ಹಾರಿ ಗದ್ದ ನೆಲಕ್ಕ ಬಡದ್ರ ಜೋರು ಹಿಂದಕ್ಕ ಹೋಗಿ ಕಿವಿ ಮುಂದಿನ ಕಾಂಡೈಲ್ (ದವಡಿ ಕೀಲಿನ ಗುಂಡು ತುದಿ) ಮುರೀತದ, ಕೆಲವೊಮ್ಮೆ ಎರಡೂ ಕಡೆ, ಜೋಡಿಗೆ ಸಿಂಫಿಸಿಸ್ (ಗದ್ದದ ನಟ್ಟನಡುವಿನ ಎಲುಬು). ಅದಕ್ಕ ಗದ್ದದ ಕೆಳಗ ಹರಿದ ಗಾಯ ಕಂಡ್ರ ಬರೇ ಹೊಲಿಗಿ ಹಾಕಿ ಕಳಸಬ್ಯಾಡ್ರಿ. ಎರಡೂ ಕಿವಿ ಮುಂದ ಬೆರಳಿಟ್ಟು ಬಾಯಿ ತಗಸಿ, ಮುಚ್ಚಿಸಿ ನೋಡ್ರಿ. ಒಂದೇ ಕಡೆ ಮುರಿದ್ರ ಬಾಯಿ ತಗೀವಾಗ ದವಡಿ ಮುರಿದ ಕಡೀಗೇ ವಾಲ್ತದ. ಎರಡೂ ಮುರಿದು ಸರಿದ್ರ ಹಿಂದಿನ ಹಲ್ಲು ಮೊದಲು ಕೂಡಿ, ಮುಂದಿನವು ಕೂಡಂಗಿಲ್ಲ. ಸಣ್ಣ ಹುಡುಗರಾಗ ಇದು ತಪ್ಪಿಹೋದ್ರ ಮುಂದ ಕೀಲು ಬೆಸದು ಬಾಯಿ ತಗಿಯೋದೇ ನಿಲ್ಲಬಹುದು.

ಜಗಳದ ಗುದ್ದು ಬ್ಯಾರೆ. ಎದುರಿನ ಬಲಗೈಯವ ಹೊಡದ್ರ ಪೆಟ್ಟು ಎಡಕ್ಕ ಬೀಳ್ತದ, ದವಡಿ ಮೂಲಿ ಮುರಿಯೋದು ಹೆಚ್ಚು. ಬುದ್ಧಿಹಲ್ಲು ಒಳಗೇ ಸಿಕ್ಕೊಂಡಿದ್ರ ಅಲ್ಲಿ ಎಲುಬಿನ ದಪ್ಪ ಕಡಿಮಿ. ಅದಕ್ಕೂ ಒಂದು ಕಾಲಂ ಇಡ್ರಿ.

"ಆರ್‌ಟಿಎ" ಒಡೀರಿ: ಗಾಡಿ ಹೊಡೆಯವನೋ ಹಿಂದ ಕುಂತವನೋ, ನಾಯಿ ಅಡ್ಡ ಬಂದು ಜಾರಿದ್ದೋ, ಕತ್ತಲಾಗ ನಿಂತ ಕಬ್ಬಿನ ಟ್ರಾಲಿಗೆ ಹಿಂದಿನಿಂದ ಬಡದಿದ್ದೋ. ಟ್ರಾಲಿ ಅಂಚು ನೇರ ನಡುಮುಖಕ್ಕ ಬಡದ್ರ ಲೆ ಫೋರ್ಟ್ (ಮ್ಯಾಲಿನ ದವಡಿ, ನಡುಮುಖ ಬುರುಡಿಯಿಂದ ಬಿಟ್ಟು ಬರೋ ಮುರಿತ) ಹುಡುಕ್ರಿ. ಹೆಲ್ಮೆಟ್ "ಇತ್ತು" ಅಂದ್ರ ಸಾಲದು. ಅರ್ಧ ಹೆಲ್ಮೆಟ್ ಬುರುಡಿ ಉಳಸ್ತದ, ಗದ್ದ ಬಯಲಿಗೇ ಇರ್ತದ. ಪಟ್ಟಿ ಬಿಗಿದಿರಲಿಲ್ಲಂದ್ರ ಅದೂ ಹಾರಿಹೋಗ್ತದ.

ಎಣಿಕೆ_ಯಾದಗಿರಿ
ರೋಗಿ ಲೆಕ್ಕ, ಮುರಿತದ ಲೆಕ್ಕ ಬ್ಯಾರೆ ಬ್ಯಾರೆ ಇಡ್ರಿ. ಒಬ್ಬನ ದವಡಿ 2 ಕಡೆ ಮುರಿದ್ರ ರೋಗಿ 1, ಮುರಿತ 2. ಶೇಕಡಾ ತಗಿವಾಗ ಯಾವದರಿಂದ ಭಾಗಿಸ್ದಿ ಅಂತ ಬರೀಲಿಲ್ಲಂದ್ರ ಕೋಷ್ಟಕ ದಂಡ.

ನಿಮ್ಮ ವಿಭಾಗದ ರಿಜಿಸ್ಟರ್ ಅಂದ್ರ ಜಿಲ್ಲಾ ಅಲ್ಲ. ಮೂಗು ಮುರಿದವರು ಇಎನ್‌ಟಿಗೆ ಹೋಗ್ತಾರ, ತಲಿಪೆಟ್ಟಿನವರು ನ್ಯೂರೋಕ್ಕ, ಅನುಕೂಲಸ್ಥರು ಸೊಲ್ಲಾಪುರಕ್ಕೋ ಹೈದರಾಬಾದಿಗೋ. ಹಿಂಗಾಗಿ ದವಡಿ ಪಾಲು ಇರೋದಕ್ಕಿಂತ ದೊಡ್ಡದಾಗಿ ಕಾಣಬಹುದು. ಸಿಟಿ ಸ್ಕ್ಯಾನ್ ಹೆಚ್ಚು ತಗಿಯೋಕೆ ಶುರುವಾದ ವರ್ಷ ನಡುಮುಖದ ಸಂಖ್ಯೆ ಏರಿದ್ರ, ಅಪಘಾತ ಹೆಚ್ಚಾದವು ಅಂತ ಬರೀಬ್ಯಾಡ್ರಿ. ಓಪಿಜಿಯೊಳಗ (ಇಡೀ ದವಡಿ ಒಂದೇ ಚಿತ್ರದಾಗ ತೋರಿಸೋ ಎಕ್ಸ್‌ರೇ) ಸಿಂಫಿಸಿಸ್ ಮ್ಯಾಲ ಕುತ್ತಿಗಿ ಎಲುಬಿನ ನೆರಳು ಬೀಳ್ತದ, ಮುರಿತ ತಪ್ಪೋದು ಅಲ್ಲೇ.

ಇನ್ನೊಂದು. ನಮ್ಮ ಕಡೆ "ಗಲ್ಲ" ಅಂದ್ರ ಕೆನ್ನಿ. ಮೈಸೂರು ಕಡೆಯವರು ಬರದ ಶೀಟಿನ್ಯಾಗ ಅದೇ ಗದ್ದ ಇರಬಹುದು. ಎಕ್ಸ್‌ರೇ ನೋಡದೇ ಕೋಡ್ ಹಾಕಬ್ಯಾಡ್ರಿ.

ಪಿಜಿ_ಕಲಬುರಗಿ
ಹೆಣ್ಮಕ್ಕಳ ಶೀಟಿನ್ಯಾಗ "ಬಚ್ಚಲದಾಗ ಜಾರಿ ಬಿದ್ದಾಳ" ಅಂತ ಭಾಳ ಅದಾವ.

ದವಡಿ_ಬೀದರ್
ಹೊಸಾ ಕೇಸಿನ್ಯಾಗ ಗಂಡನ್ನ ಹೊರಗ ಕಳಿಸಿ ಕೇಳ್ರಿ. ಕಣ್ಣಿನ ಸುತ್ತ ಕಪ್ಪು, ಹಳೇ-ಹೊಸಾ ಬಾವು ಕೂಡೇ ಇದ್ರ ಅದನ್ನ ಇದ್ದಂಗ ಬರೀರಿ. ಹಳೇ ಶೀಟಿನ್ಯಾಗ "ಬಿದ್ದಾಳ" ಅಂತಿದ್ದದ್ದು ನೀವು ಹಲ್ಲೆ ಅಂತ ತಿದ್ದಬ್ಯಾಡ್ರಿ. ಗಾಯ ಮತ್ತ ಹೇಳಿಕೆ ಹೊಂದಲಾರದವಕ್ಕ ಒಂದು ಬ್ಯಾರೆ ಕಾಲಂ ಮಾಡ್ರಿ.