ಮುಂದಿನ ಬ್ರೇಕ್ ಮುಟ್ಟಲೇ ಬಾರದಾ?

ಮಣಿಪಾಲದ ಹೊಸ ಸವಾರೆ:
ಎಲ್ಲರಿಗೂ ನಮಸ್ಕಾರ. 110 ಸಿಸಿ ಸ್ಕೂಟರ್ ತಗೊಂಡಿದ್ದೇನೆ. ದಿನಾ ಮಣಿಪಾಲದಿಂದ ಉಡುಪಿಗೆ ಇಳಿಯಬೇಕು. ಮನೆಯಲ್ಲಿ ಮಾವ "ಬಲಗೈಯ ಮುಂದಿನ ಬ್ರೇಕ್ ಮುಟ್ಟಬೇಡ, ಹಾರಿ ಬೀಳ್ತಿ" ಅಂತಾರೆ. ಕಲಿಸಿಕೊಟ್ಟ ಅಕ್ಕ ಎರಡೂ ಹಿಡಿ ಅನ್ನುತ್ತಾಳೆ. ಎಡಗೈ ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ ಅಂತ ಶೋರೂಮಿನಲ್ಲಿ ಹೇಳಿದ್ದರು. ಹಾಗಾದರೆ ಬಲಗೈದು ಎಂತಕ್ಕೆ? ಮಳೆಗಾಲ ಬೇರೆ ಬಂತು.

ಬಿಜೈ ಬೈಕಣ್ಣ:
ಅಕ್ಕ ಹೇಳಿದ್ದೇ ಸರಿ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಶಾಕ್ಸ್ ಕುಸಿಯುವುದನ್ನು ನೋಡಿರಬಹುದು. ಆಗ ಮುಂದಿನ ಟಯರ್ ರೋಡಿಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಿದರೂ ಅದು ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಜಾರುತ್ತದೆ ಅಷ್ಟೇ, ಗಾಡಿ ಬೇಗ ನಿಲ್ಲುವುದಿಲ್ಲ. ಒಣ ರೋಡಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಸುಮಾರು 10 ಮೀಟರಿನೊಳಗೆ ನಿಲ್ಲಬಹುದು, ಹಿಂದಿನದೊಂದೇ ಆದರೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಇಳಿಜಾರಿನಲ್ಲಂತೂ ಭಾರ ಮೊದಲೇ ಮುಂದಿರುತ್ತದೆ, ಹಾಗಾಗಿ ಮಾವನ ಮಾತು ಮಣಿಪಾಲದ ಇಳಿಜಾರಿಗೆ ಎಲ್ಲಕ್ಕಿಂತ ತಪ್ಪು.

ಸುರತ್ಕಲ್ ಸವಾರ:
ಲೆಕ್ಕ ಸರಿ ಮಾರಾಯ್ರೆ, ಆದರೆ ರೋಡ್ ನೋಡಿ ಮಾತಾಡಿ. ಮೀನಿನ ಲಾರಿಯ ನೀರು ಸುರಿದ ಹೈವೇ, ಮೊದಲ ಮಳೆಗೆ ಮೇಲೆದ್ದ ಎಣ್ಣೆ, ರೋಡಿನ ಮೇಲೆ ಹರಿದು ಬಂದ ಕೆಂಪು ಮಣ್ಣು. ಇಂಥ ಕಡೆ ಹಿಂದಿನ ಚಕ್ರ ಲಾಕ್ ಆದರೆ ಬಾಲ ಆಚೀಚೆ ಹೊಡೆಯುತ್ತದೆ, ಲಿವರ್ ಬಿಟ್ಟು ಹೇಗೋ ಸುಧಾರಿಸಿಕೊಳ್ಳಬಹುದು. ಮುಂದಿನದು ಲಾಕ್ ಆದರೆ ಯೋಚನೆ ಮಾಡುವುದರೊಳಗೆ ನೆಲದ ಮೇಲೆ ಇರುತ್ತೀರಿ. ಮಾವನವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಬಿಜೈ ಬೈಕಣ್ಣ:
ಒಪ್ಪಿದೆ. ಆದರೆ ಅದು ಮುಂದಿನ ಬ್ರೇಕಿನ ತಪ್ಪಲ್ಲ, ಗಬಕ್ಕಂತ ಹಿಡಿಯುವ ಕೈಯದ್ದು. ಎರಡು ಬೆರಳಲ್ಲಿ ಮೊದಲು ಮೆತ್ತಗೆ ಹಿಡಿದು, ಭಾರ ಮುಂದೆ ಬಂದ ಮೇಲೆ ಗಟ್ಟಿ ಮಾಡಬೇಕು. ಹ್ಯಾಂಡಲ್ ನೇರ ಇರಲಿ. ತಿರುವಿನಲ್ಲಿ ಗಾಡಿ ವಾಲಿದಾಗ ಟಯರಿನ ಹಿಡಿತ ಅರ್ಧಕ್ಕರ್ಧ ತಿರುಗುವುದಕ್ಕೇ ಖರ್ಚಾಗಿರುತ್ತದೆ, ಆದ್ದರಿಂದ ವೇಗ ತಿರುವಿಗೆ ಮೊದಲೇ ಇಳಿಸಬೇಕು. ಮಣ್ಣು ಕಂಡಲ್ಲಿ ಮುಂದಿನದನ್ನು ಹಗುರಾಗಿ ಮಾತ್ರ ಹಿಡಿಯಿರಿ, ಬೇಗನೇ ನಿಧಾನ ಮಾಡಿ.

ಕಾರ್ಕಳ ಗ್ಯಾರೇಜ್:
ಎಡಗೈ ಲಿವರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ. ಅದು ಸಿಬಿಎಸ್, ಅಂದರೆ ಒಂದೇ ಲಿವರಿಗೆ ಎರಡೂ ಬ್ರೇಕ್ ಜೋಡಿಸಿದ ವ್ಯವಸ್ಥೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ ಅಥವಾ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಅದಕ್ಕಿಂತ ದೊಡ್ಡದಕ್ಕೆ ಎಬಿಎಸ್ ಕಡ್ಡಾಯ ಮಾಡಿದರು. ನಿಮ್ಮ ಎಡ ಲಿವರ್ ಹಿಂದಿನದನ್ನು ಹಿಡಿದು ಮುಂದಿನದಕ್ಕೂ ಸ್ವಲ್ಪ ಹಂಚುತ್ತದೆ. ಪೂರ್ತಿ ಬಲ ಬೇಕಾದರೆ ಬಲಗೈ ಬೇಕೇ ಬೇಕು. ಸಿಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯುವುದಿಲ್ಲ, ಆ ಕೆಲಸ ಎಬಿಎಸ್‌ನದು. ಇನ್ನೊಂದು ಮಾತು, ಆಗುಂಬೆ ಘಾಟಿಗೆ ಹೋದರೆ ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ಇಳಿಯಬೇಡಿ. ಇಂಜಿನ್ನಿನ ತಡೆ ಇಲ್ಲದೆ ಎಲ್ಲ ಕೆಲಸ ಬ್ರೇಕಿನ ಮೇಲೇ ಬೀಳುತ್ತದೆ, ಬ್ರೇಕಿನ ಡ್ರಮ್ ತುಂಬಾ ಬಿಸಿಯಾದರೆ ಲಿವರ್ ಎಷ್ಟು ಎಳೆದರೂ ಸರಿಯಾಗಿ ಹಿಡಿಯುವುದಿಲ್ಲ.

ಮಣಿಪಾಲದ ಹೊಸ ಸವಾರೆ:
ತುಂಬಾ ಥ್ಯಾಂಕ್ಸ್. ಹಿಂದೆ ಅಮ್ಮನನ್ನು ಕೂರಿಸಿಕೊಂಡರೂ ಇದೇ ಲೆಕ್ಕವಾ?

ಕಾರ್ಕಳ ಗ್ಯಾರೇಜ್:
ಹಿಂದೆ ಭಾರ ಇದ್ದಾಗ ಹಿಂದಿನ ಬ್ರೇಕಿಗೂ ಜಾಸ್ತಿ ಕೆಲಸ ಸಿಗುತ್ತದೆ, ಆದರೂ ಎರಡೂ ಹಿಡಿಯಿರಿ. ಗಾಡಿ ನಿಲ್ಲಲು ಜಾಗ ಜಾಸ್ತಿ ಬೇಕು, ಮುಂದಿನ ಗಾಡಿಗೆ ತಾಗಿಕೊಂಡು ಹೋಗಬೇಡಿ. ಮತ್ತೆ ಟಯರಿನ ಗಾಳಿ ವಾರಕ್ಕೊಮ್ಮೆ ನೋಡಿಸಿ, ಹಿಂದೆ ಜನ ಕೂತಾಗ ಎಷ್ಟಿರಬೇಕು ಅಂತ ಗಾಡಿಯ ಸ್ಟಿಕ್ಕರಿನಲ್ಲೇ ಉಂಟು.