ಟೂ ವೀಲ್ ಡ್ರೈವ್ ಆರ್‌ಸಿ (ರಿಮೋಟ್ ಕಂಟ್ರೋಲ್) ಬಗ್ಗಿ ಕಾರು: ಜೋರು ತಿರುವಲ್ಲಿ ಹಿಂದುಗಡೆ ಜಾರೋದು ವಿಂಗ್‌ನಿಂದಲಾ?

ಕಬ್ಬಿನಗದ್ದೆ_ಆರ್‌ಸಿ (ಮಂಡ್ಯ)
1/10 ಸ್ಕೇಲ್ (ನಿಜ ಗಾಡಿಯ ಹತ್ತರಲ್ಲಿ ಒಂದು ಅಳತೆ), ಟೂ ವೀಲ್ ಡ್ರೈವ್, ಅಂದ್ರೆ ಮೋಟರ್ ತಿರುಗಿಸೋದು ಹಿಂದಿನ ಎರಡು ಚಕ್ರ ಮಾತ್ರ. ಟ್ರ್ಯಾಕ್ ಕೆಮ್ಮಣ್ಣು, ಕೆಳಗೆ ಗಟ್ಟಿ, ಮೇಲೆ ಸಣ್ಣ ಧೂಳು. ಸ್ಟ್ರೇಟ್ ಮುಗಿದು ದೊಡ್ಡ ತಿರುವಿಗೆ ನುಗ್ಗಿದ್ರೆ ಹಿಂದುಗಡೆ ಬಿಟ್ಕೊಂಡು ಗಾಡಿ ಗಿರಕಿ ಹೊಡೀತದೆ. ಜಂಪಲ್ಲಿ ಮೂತಿ ಕೆಳಗಾಗಿ ಇಳೀತದೆ. ಈಗ ಹಿಂದುಗಡೆ ಇರೋದು 6.5 ಇಂಚಿನ ಲೆಕ್ಸಾನ್ (ತೆಳು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್) ವಿಂಗ್, ಅದರ ಹಿಂದಿನ ಅಂಚಲ್ಲಿ ಮೇಲಕ್ಕೆ ನಿಂತ ತುಟಿ ಇಲ್ಲ. 7 ಇಂಚಿಂದು ಹಾಕ್ಲಾ, ಇಲ್ಲಾ ಆಂಗಲ್ ಏರಿಸಿದ್ರೆ ಸಾಕಾ?

ಸೆಟಪ್_ಶೀಟು (ಮೈಸೂರು)
ನಿಧಾನದ ಹೇರ್‌ಪಿನ್ನಲ್ಲೂ ಜಾರ್ತದಾ? ಹಾಗಿದ್ರೆ ವಿಂಗ್ ಮುಟ್ಟಲೇಬೇಡಿ. ಗಾಳಿ ಒತ್ತೋ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರೋದು: 40 ಕಿ.ಮೀ.ನಲ್ಲಿ ಸಿಗೋದರ ಕಾಲು ಭಾಗ 20ರಲ್ಲಿ, 10ಕ್ಕೆ ಬಂದ್ರೆ ಹದಿನಾರರಲ್ಲಿ ಒಂದು ಪಾಲು. ಅಲ್ಲಿ ಕೆಲಸ ಮಾಡೋದು ಟೈರು, ಹಿಂದಿನ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರೋದು), ಡಿಫ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು).

ಜೋರು ತಿರುವಲ್ಲಿ ಮಾತ್ರ ಅಂತಾದ್ರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಇದೇ ಅಳತೆಯ, ತುಟಿ ಇರೋ ವಿಂಗ್. ತುದೀಲಿ ನೆಟ್ಟಗೆ ನಿಂತ 4–5 ಮಿ.ಮೀ. ಸಾಕು, ವ್ಯತ್ಯಾಸ ಕೈಗೆ ಗೊತ್ತಾಗ್ತದೆ. ಸಾಲದಿದ್ರೆ 7 ಇಂಚು. ಆಂಗಲ್ ಕೊನೆಗೆ. ಅದನ್ನ ಅತಿ ಮಾಡಿದ್ರೆ ಅಡಿಯ ಗಾಳಿ ವಿಂಗ್ ಬಿಟ್ಟು ಹರೀತದೆ. ಒತ್ತು ಏರಲ್ಲ, ಸ್ಟ್ರೇಟಲ್ಲಿ ಗಾಡಿ ಸ್ಪೀಡು ಮಾತ್ರ ಕಮ್ಮಿ ಆಗ್ತದೆ.

ವಿಂಗ್ ಇರೋದು ಹಿಂದಿನ ಆಕ್ಸಲ್‌ಗಿಂತ ಹಿಂದೆ. ಅಲ್ಲಿ ಒತ್ತಿದಷ್ಟೂ ಮುಂದಿನ ಟೈರು ಹಗುರ ಆಗ್ತದೆ. ಜೋರಲ್ಲಿ ಸ್ಟಿಯರಿಂಗ್ ಕೇಳ್ದೆ ಹೊರಕ್ಕೆ ಹೋಗೋಕೆ ಶುರುವಾದ್ರೆ ವಿಂಗ್ ಜಾಸ್ತಿ ಆಯ್ತು ಅಂತ. ಮೌಂಟಲ್ಲಿ ಜಾಗ ಇದ್ರೆ ಮುಂದಕ್ಕೆ ತನ್ನಿ, ಇಲ್ಲದಿದ್ರೆ ತುಟಿ 1 ಮಿ.ಮೀ. ಕತ್ತರಿಸಿ.

ಧೂಳ್_ಮಗಾ
ವಿಂಗ್ ಆಮೇಲೆ ಗುರು, ಬ್ರೇಕ್ ನೋಡಿ ಮೊದಲು. ಟೂ ವೀಲಲ್ಲಿ ಬ್ರೇಕ್ ಹಿಡಿಯೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ತಿರುಗಿಸ್ತಾ ಬ್ರೇಕ್ ಒತ್ತಿದ್ರೆ ಎಂಥ ವಿಂಗ್ ಇದ್ರೂ ಹಿಂದುಗಡೆ ನಿಲ್ಲಲ್ಲ. ಇಎಸ್‌ಸಿಯ (ಮೋಟರ್ ವೇಗ ನಿಯಂತ್ರಿಸೋ ಎಲೆಕ್ಟ್ರಾನಿಕ್ ಡಬ್ಬಿ) ಡ್ರ್ಯಾಗ್ ಬ್ರೇಕ್, ಅಂದ್ರೆ ಥ್ರಾಟಲ್ ಬಿಟ್ಟ ತಕ್ಷಣ ತಾನಾಗೇ ಹಿಡಿಯೋ ಬ್ರೇಕ್, ಸೊನ್ನೆ ಮಾಡಿ, ಬ್ರೇಕ್ ಮುಟ್ಟದೆ ಅದೇ ತಿರುವು ತಗೊಳ್ಳಿ. ಆಗ ಜಾರದಿದ್ರೆ ಉತ್ತರ ಸಿಕ್ತು. ಜಂಪಿಗೂ ಅದೇ: ತುದಿಗೆ ಬಂದಾಗ ಥ್ರಾಟಲ್ ಬಿಟ್ರೆ ಮೂತಿ ಬೀಳ್ತದೆ. ತುದಿ ದಾಟೋವರೆಗೂ ಒಂದೇ ಸಮ ಹಿಡ್ಕೊಳ್ಳಿ, ಗಾಳೀಲಿ ಒಂಚೂರು ಕೊಟ್ರೆ ಮೂತಿ ಏಳ್ತದೆ.

ಕಬ್ಬಿನಗದ್ದೆ_ಆರ್‌ಸಿ (ಮಂಡ್ಯ)
ಹೇರ್‌ಪಿನ್ನಲ್ಲಿ ಏನೂ ತೊಂದರೆ ಇಲ್ಲ. ಡ್ರ್ಯಾಗ್ ಬ್ರೇಕ್ 20% ಇತ್ತು, ಸೊನ್ನೆ ಮಾಡಿದ್ಮೇಲೆ ಮುಕ್ಕಾಲು ಪಾಲು ಸರಿಹೋಯ್ತು. ಆದ್ರೆ ಒಂದೇ ತಿರುವು ಒಂದು ಲ್ಯಾಪಲ್ಲಿ ಹಿಡೀತದೆ, ಇನ್ನೊಂದರಲ್ಲಿ ಬಿಡ್ತದೆ.

ಸೆಟಪ್_ಶೀಟು (ಮೈಸೂರು)
ಧೂಳ್ ಹೇಳಿದ್ದು ಸರಿ, ಬ್ರೇಕೇ ಮೊದಲು. ಉಳಿದಿದ್ದು ಆಷಾಢದ ಗಾಳಿ. 40ರಲ್ಲಿ ಹೋಗ್ತಿರೋ ಗಾಡಿಗೆ 15 ಕಿ.ಮೀ. ಗಾಳಿ ಹಿಂದಿನಿಂದ ಬೀಸಿದ್ರೆ ವಿಂಗ್‌ಗೆ ಸಿಗೋದು 25ರ ಗಾಳಿ, ಎದುರಿಗೆ ಬೀಸಿದ್ರೆ 55. ಒತ್ತಿನಲ್ಲಿ ಹೆಚ್ಚುಕಡಿಮೆ ಐದು ಪಟ್ಟು ವ್ಯತ್ಯಾಸ! ತುಟಿ ಇರೋ 6.5 ಹಾಕಿ, 7 ಇಂಚಿಂದು ಗಾಳಿ ನಿಂತ ದಿನಕ್ಕಿರಲಿ.

ಕೂರಿಸೋವಾಗ: ಬಾಗಿದ ಕತ್ತರೀಲಿ ಕತ್ತರಿಸಿ, ಒಳಮೂಲೆ ಚೂಪಾಗಿ ಬಿಡಬೇಡಿ, ಸೀಳು ಅಲ್ಲಿಂದಲೇ ಶುರುವಾಗೋದು. ತೂತಿಗೆ ಬಾಡಿ ರೀಮರ್ (ತೂತು ಕೊರೆದು ಅಗಲ ಮಾಡೋ ಚೂಪು ತುದಿಯ ಹತಾರ), ಸ್ಕ್ರೂ ತಲೆ ಕೆಳಗೆ ಅಗಲದ ವಾಷರ್. ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದಂತೆ ಹಚ್ಚೋ ಅಂಟು) ಮಾತ್ರ ಹಾಕಲೇಬೇಡಿ, ಲೆಕ್ಸಾನ್ ಬಿರುಕು ಬಿಡ್ತದೆ. ಲಾಕ್ ನಟ್ ಸಾಕು.