ಮಕ್ಕಳ ಕೈಲಿ ಕನ್ನಡ ಪದ್ಯ ಬರೆಸೋದು ಹೇಗೆ?

ಮೊನ್ನೆ ಈ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದರು. ಮಗಳಿಗೆ ಎಂಟು ವರ್ಷ, ಕನ್ನಡ ಅರ್ಥ ಆಗುತ್ತೆ, ಮಾತು ಅರ್ಧಂಬರ್ಧ, ಬರವಣಿಗೆ ಇನ್ನೂ ಕಾಗುಣಿತದ ಹತ್ತಿರವೇ ಇದೆ. ಇವಳ ಕೈಲಿ ಪದ್ಯ ಬರೆಸೋಕೆ ಆಗುತ್ತಾ, ಇಲ್ಲಾ ಭಾಷೆ ಪೂರ್ತಿ ಬರಲಿ ಅಂತ ಕಾಯಬೇಕಾ ಅಂತ.

ಕಾಯಬೇಡಿ. ನಾನು ಆರು ವರ್ಷದಿಂದ ವಾರಕ್ಕೊಂದು ದಿನ, ಊರು ಬಿಟ್ಟು ಬಂದ ಮನೆಗಳ ಪುಟ್ಟ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಭಾಷೆ ಪೂರ್ತಿ ಬಂದ ಮೇಲೆ ಪದ್ಯ ಅಂತ ಕೂತರೆ ಅಷ್ಟು ಹೊತ್ತಿಗೆ ಮಗುವಿಗೆ ಹದಿಮೂರು ತುಂಬಿರುತ್ತದೆ, ನಾಚಿಕೆ ಶುರುವಾಗಿರುತ್ತದೆ. ಏಳೆಂಟು ವರ್ಷಕ್ಕೆ ಆ ನಾಚಿಕೆ ಇಲ್ಲ. ನೋಡಿದ್ದನ್ನು ನೋಡಿದ ಹಾಗೇ ಹೇಳಿಬಿಡುತ್ತಾರೆ. ಪದ್ಯಕ್ಕೆ ಬೇಕಾಗಿರೋದು ಮೊದಲು ಅದೇ ಅಲ್ವಾ?

ಶುರುವಿನಲ್ಲಿ ನಾನು ತಪ್ಪು ಮಾಡಿದೆ. ‘ಅಮ್ಮ’, ‘ನಮ್ಮ ನಾಡು’, ‘ಗೆಳೆತನ’ ಇಂಥ ದೊಡ್ಡ ದೊಡ್ಡ ವಿಷಯ ಕೊಡುತ್ತಿದ್ದೆ. ಎಲ್ಲರೂ ಒಂದೇ ಥರ ಬರೆದು ತರುತ್ತಿದ್ದರು. ಅರ್ಧಕ್ಕರ್ಧ ಅಪ್ಪ ಅಮ್ಮ ಬರೆದುಕೊಟ್ಟಿದ್ದು ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಒಂದು ಹುಡುಗಿ ಅಜ್ಜಿ ಮೇಲೆ ಬರೆದಿದ್ದಳು: ಅಜ್ಜಿ ಒಳ್ಳೆಯವಳು, ಅಜ್ಜಿ ಪ್ರೀತಿ ಮಾಡುವಳು. ನಾನು ತಿದ್ದಲಿಲ್ಲ, ಪಕ್ಕದಲ್ಲಿ ಕೂತು ಕೇಳಿದೆ.

“ಅಜ್ಜಿನ ಕಡೇ ಸಲ ಯಾವಾಗ ನೋಡಿದೆ?”

“ನಿನ್ನೆ. ಫೋನಲ್ಲಿ.”

“ಏನು ಕಾಣ್ತು?”

ಸ್ವಲ್ಪ ಯೋಚನೆ ಮಾಡಿ ಹೇಳಿದಳು. ಅವಳು ಹೇಳಿದ್ದನ್ನೇ ನಾನು ಮೂರು ಸಾಲು ಮಾಡಿ ಬರೆದುಕೊಂಡೆ:

ಅಜ್ಜಿ ಫೋನು ಹಿಡಿದರೆ
ಬರೀ ಹಣೆ ಕಾಣತ್ತೆ, ಮೇಲಿನ ಫ್ಯಾನು ಕಾಣತ್ತೆ.
ನಗೋದು ಮಾತ್ರ ಕೇಳತ್ತೆ.

ಓದಿ ಹೇಳಿದಾಗ ಅವಳಿಗೇ ಆಶ್ಚರ್ಯ. “ಇದು ಪದ್ಯನಾ?” ಅಂದಳು. ಹೌದು ಅಂದೆ. ‘ಕಾಣತ್ತೆ’ಯನ್ನು ‘ಕಾಣುತ್ತದೆ’ ಮಾಡೋಣ ಅಂತ ಕೈ ಹೋಗಿತ್ತು, ತಡೆದುಕೊಂಡೆ. ಅದು ಅವಳ ಮನೆಯ ಕನ್ನಡ.

ಹಾಗಾಗಿ ಅಕ್ಷರ ಬರೆಯೋಕೆ ಬಾರದ ಮಗು ಪದ್ಯ ಹೇಳಬಹುದು, ನೀವು ಬರೆದುಕೊಳ್ಳಿ. ಕನ್ನಡ ಪದ ಸಿಗದಿದ್ದರೆ ತನಗೆ ಗೊತ್ತಿರೋ ಭಾಷೆಯ ಪದವನ್ನೇ ಅಲ್ಲಿ ಇಡಲಿ. ಪೂರ್ತಿ ಮುಗಿದ ಮೇಲೆ ಇಬ್ಬರೂ ಕೂತು ಕನ್ನಡ ಪದ ಹುಡುಕಿ. ಮಧ್ಯದಲ್ಲಿ ನಿಲ್ಲಿಸಿ ತಿದ್ದಿದರೆ ಸಾಲು ಅಲ್ಲಿಗೇ ಸತ್ತುಹೋಗುತ್ತದೆ.

ಪ್ರಾಸದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಹೆಚ್ಚಿನ ಪೋಷಕರು ಕೇಳೋದು ಅದನ್ನೇ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬರುತ್ತದೆ, ಹೋಗುತ್ತದೆ, ಹಾಡುತ್ತದೆ, ಓಡುತ್ತದೆ. ಸುಮ್ನೆ ನಾಲ್ಕು ವಾಕ್ಯ ಬರೆದರೂ ಕೊನೆ ತಾನಾಗೇ ಹೊಂದಿಕೊಳ್ಳುತ್ತದೆ. ಮಗು ಅದನ್ನೇ ಪದ್ಯ ಅಂದುಕೊಂಡರೆ ಮುಂದೆ ಏನೂ ಹುಡುಕೋದಿಲ್ಲ. ಹಳೆಗನ್ನಡದ ಕವಿಗಳು ಪ್ರಾಸ ಇಡುತ್ತಿದ್ದದ್ದು ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಕವಿ ಗೋವಿಂದ ಪೈಗಳು ಆ ಪ್ರಾಸವನ್ನೂ ಬಿಟ್ಟು ಬರೆದು ನೂರು ವರ್ಷದ ಮೇಲಾಯಿತು. ಎಂಟು ವರ್ಷದ ಮಗುವಿನ ಮೇಲೆ ಪ್ರಾಸ ಹೇರಬೇಡಿ. ತಾನಾಗಿ ಬಂದರೆ ಬರಲಿ.

ಅದರ ಬದಲು ಚಪ್ಪಾಳೆ ಕಲಿಸಿ. ಅಕ್ಷರ ಹೇಳೋಕೆ ಹಿಡಿಯೋ ಹೊತ್ತಿನ ಅಳತೆಗೆ ಮಾತ್ರೆ ಅಂತಾರೆ. ಚಿಕ್ಕ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಮುಂದೆ ಒತ್ತಕ್ಷರ ಬಂದರೆ ಅಥವಾ ಜೊತೆಗೆ ಸೊನ್ನೆ ಇದ್ದರೆ ಚಿಕ್ಕದೂ ಎರಡು. ಲಘು ಗುರು ಅನ್ನೋ ಹೆಸರು ಈಗಲೇ ಬೇಡ. ‘ಮಳೆಯು ಬಂತು, ಕೊಡೆಯು ಎಲ್ಲಿ’ ಅಂತ ಮೂರು ಮೂರು ಮಾತ್ರೆಗೆ ಒಂದು ಚಪ್ಪಾಳೆ ಹಾಕಿಸಿದೆ. ನಾಲ್ಕೈದು ಸಲ ಹೇಳಿದ ಮೇಲೆ ಮೂಲೆಯಲ್ಲಿದ್ದ ಹುಡುಗ ಮುಂದಿನ ಸಾಲು ಸೇರಿಸಿದ: ‘ನೆನೆಯಿತಮ್ಮ ನನ್ನ ಚೀಲ’. ಎಣಿಸಿ ನೋಡಿ, ಒಂದು ಮಾತ್ರೆಯೂ ಆಚೀಚೆ ಇಲ್ಲ. ಮಾತ್ರೆ ಅಂದರೆ ಏನು ಅಂತಲೇ ಅವನಿಗೆ ಗೊತ್ತಿರಲಿಲ್ಲ, ಕಿವಿಗೆ ಗೊತ್ತಿತ್ತು.

ಇನ್ನೊಂದು ಆಸ್ತಿ ನಮ್ಮ ಹತ್ತಿರ ಇದೆ, ಅನುಕರಣ ಪದಗಳು. ಸರಸರ, ಪಿಸಪಿಸ, ದಬದಬ, ಜುಳುಜುಳು, ಥಳಥಳ. ಇವಕ್ಕೆ ಮಕ್ಕಳು ಅರ್ಥ ಕೇಳೋದೇ ಇಲ್ಲ. ಹಾಗೇ ಪುಸ್ತಕ ಗಿಸ್ತಕ, ಚೀಲ ಗೀಲ. ಯಾವ ಭಾಷೆಯ ಪದಕ್ಕೂ ಈ ‘ಗಿ’ ಅಂಟಿಸಬಹುದು ಅಂತ ಗೊತ್ತಾದ ದಿನ ತರಗತಿ ಹಿಡಿಯೋಕೆ ಆಗಲಿಲ್ಲ.

ಹತ್ತು ಮಕ್ಕಳು ಸೇರಿದಾಗ ಒಂದೊಂದು ಸಾಲು ಕೂಡಿಸಿ ಒಂದು ಪದ್ಯ ಮಾಡಿಸಿ. ಅಮೆರಿಕದ ಕವಿ ಕೆನೆತ್ ಕೋಕ್ 1968ರಲ್ಲಿ ನ್ಯೂಯಾರ್ಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಪದ್ಯ ಕಲಿಸೋಕೆ ಹೋದಾಗ ಹೀಗೇ ಶುರು ಮಾಡಿದ್ದರು, ಪ್ರತಿ ಮಗುವೂ ತನ್ನ ಒಂದು ಆಸೆ ಹೇಳಬೇಕು ಅಂತ. ಅವರದೇ ಇನ್ನೊಂದು ಉಪಾಯ ನಮ್ಮ ಮಕ್ಕಳಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ: ‘ಮೊದಲು ನಾನು… ಈಗ ನಾನು…’ ಊರು, ಶಾಲೆ, ಭಾಷೆ ಎಲ್ಲ ಬದಲಾದ ಮಕ್ಕಳು ಇವರು. ಆರು ತಿಂಗಳ ಹಿಂದೆ ಬಂದಿದ್ದ, ಮಾತೇ ಆಡದ ಒಬ್ಬ ಹುಡುಗ ಬರೆದ: ‘ಮೊದಲು ನಾನು ತರಗತೀಲಿ ಜಾಸ್ತಿ ಮಾತಾಡ್ತಿದ್ದೆ. ಈಗ ನಾನು ಒಳ್ಳೆ ಹುಡುಗ ಅಂತಾರೆ.’ ಅವನ ತಾಯಿಗೆ ಆ ಹಾಳೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಮಡಿಚಿ ಕೈಚೀಲದಲ್ಲಿ ಇಟ್ಟುಕೊಂಡರು.

ಪ್ರಶ್ನೆ ಕೇಳಿದ ತಾಯಿಗೆ: ಈ ಶನಿವಾರ ಮಗಳ ಜೊತೆ ಕಿಟಕಿ ಹತ್ತಿರ ಹತ್ತು ನಿಮಿಷ ಕೂತುಕೊಳ್ಳಿ. ಏನು ಕಾಣುತ್ತೆ, ಏನು ಕೇಳುತ್ತೆ ಅಂತ ಕೇಳಿ, ಅವಳು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಒಂದು ಪದವನ್ನೂ ತಿದ್ದಬೇಡಿ. ಅವಳು ಒಪ್ಪಿದರೆ ಇಲ್ಲಿ ಹಾಕಿ, ನಮ್ಮ ಮಕ್ಕಳಿಗೂ ಓದಿ ಹೇಳುತ್ತೇನೆ.